ಮಾಸ್ಟ್ರಿಕ್ಟಿನ ಓಣಿಯಲ್ಲಿ ಶೈಲಾಳಿಗೆ ಬಂದ ವಾಸನೆ

ದೆವ್ವ, ಶಕುನ, ಕನಸಿನ ಸೂಚನೆ ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ನಂಬುವವರನ್ನು ಕಂಡು ಒಳಗೊಳಗೇ ನಗುತ್ತಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಅವರು ಎಲ್ಲಿ ತಪ್ಪಿ ಕೇಳಿಸಿಕೊಂಡಿರಬಹುದು, ಎಲ್ಲಿ ನೆನಪು ಕೈಕೊಟ್ಟಿರಬಹುದು ಎಂದು ಹುಡುಕುವುದು ನನ್ನ ಚಾಳಿ. ಹಾಲೆಂಡಿನ ಹೂಫ್‌ಡಾರ್ಪಿನಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಹೊಟ್ಟೆಪಾಡೇ ಅನುಮಾನದ್ದು. ಈಗ ಹೇಳಲಿರುವ ಸಂಗತಿಯನ್ನೂ ನೀವು ಹಾಗೆಯೇ ಅನುಮಾನಿಸಬಹುದು. ನನಗೆ ಬೇಸರವಿಲ್ಲ.

ಕೊರೊನಾದ ಮೊದಲ ಚಳಿಗಾಲ. ಗೆಳೆಯನೊಬ್ಬನ ಮನೆಗೆ ಊಟಕ್ಕೆ ಹೋಗುವುದು ಬೇಡವೆಂದು ನನ್ನ ಹೆಂಡತಿ ಶೈಲಾ ಎರಡು ಸಲ ಹೇಳಿದ್ದಳು. ನಾನು ಕೇಳಲಿಲ್ಲ. ಹೋಗಿಬಂದ ನಾಲ್ಕನೇ ದಿನ ನನಗೆ ಗಂಟಲು ಕೆರೆತ ಶುರುವಾಯಿತು, ವಾರದಲ್ಲಿ ಹೋಯಿತು. ನನ್ನಿಂದ ಅವಳಿಗೆ ಅಂಟಿತು. ಜ್ವರ ಇಳಿದ ಮೇಲೆ ನೋಡಿದರೆ ಅವಳ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ.

ಗದಗಿನವಳಾದ ಶೈಲಾ ಮಸಾಲೆಪುಡಿ ಮಾಡುವುದರಲ್ಲಿ ನಿಸ್ಸೀಮಳು. ಗಡಿಯಾರ ನೋಡಿ ಹುರಿದವಳಲ್ಲ. ಕೊತ್ತಂಬರಿ ಬೀಜ ಸಾಕೆಂದು ಮೂಗು ಹೇಳಿದಾಗ ಬಾಣಲೆ ಇಳಿಸುತ್ತಿದ್ದಳು. ಇಲ್ಲಿರುವ ನಮ್ಮೂರ ಕಡೆಯ ನಾಲ್ಕಾರು ಮನೆಯವರು ಅವಳ ಪುಡಿಗಾಗಿ ಕಾಯುತ್ತಿದ್ದರು. ಅದೆಲ್ಲ ನಿಂತಿತು. ಒಂದು ದಿನ ನಾನು ಹೊರಗಿನಿಂದ ಬಂದಾಗ ಅಡುಗೆಮನೆಯ ತುಂಬ ಹೊಗೆ, ಹಾಲು ಸೀದು ಪಾತ್ರೆ ಕರಿಯಾಗಿದೆ, ಅವಳು ಬಾಗಿಲಾಚೆ ಬಟ್ಟೆ ಮಡಚುತ್ತ ಕೂತಿದ್ದಾಳೆ. ಹೊಗೆ ನೋಡಿ ಅವಳು ಗಾಬರಿಯಾಗಲಿಲ್ಲ. "ಇನ್ನ ಮ್ಯಾಲೆ ನೀವ ಕಾಸ್ರಿ," ಎಂದಳು, ಅಷ್ಟೇ. ಗೆಳೆಯನ ಮನೆಯ ಆ ಊಟದ ವಿಷಯವನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾದಾಗ, ಎಲ್ಲಿಗಾದರೂ ಹೋಗೋಣವೆಂದು ನಾನೇ ಹಟ ಮಾಡಿ ಮಾಸ್ಟ್ರಿಕ್ಟಿಗೆ ಹೊರಡಿಸಿದೆ. ಇಬ್ಬರೂ ಆ ಊರಿಗೆ ಹೋಗುತ್ತಿದ್ದುದು ಮೊದಲ ಸಲ. ಮಾಸ್ಕ್ ಹಾಕಿಕೊಂಡು ಮೂರು ಗಂಟೆ ರೈಲಿನಲ್ಲಿ ಕೂತು, ಸ್ಟೇಷನ್ ಪಕ್ಕದಲ್ಲೇ ಎರಡು ಸೈಕಲ್ ಬಾಡಿಗೆಗೆ ಹಿಡಿದೆವು. ಮೂವತ್ತೈದನೇ ವಯಸ್ಸಿನಲ್ಲಿ ಸೈಕಲ್ ಕಲಿತ ಶೈಲಾ ಈಗ ನನಗಿಂತ ಧೈರ್ಯವಾಗಿ ಹೊಡೆಯುತ್ತಾಳೆ.

ಎಂಥ ಊರು ಅದು! ಹಾಲೆಂಡಿನ ಸಪಾಟು ನೆಲ ಕಂಡು ಬೇಸತ್ತಿದ್ದ ನಮಗೆ ಅಲ್ಲಿಯ ಸಣ್ಣ ಏರುಗಳೇ ಹಬ್ಬವಾದವು. ಮಾಸ್ ನದಿಯ ಮೇಲಿನ ಹಳೆಯ ಕಲ್ಲಿನ ಸೇತುವೆಯ ನಡುವೆ ನಿಂತರೆ ಕೆಳಗೆ ಕಮಾನುಗಳ ನೆರಳು ನೀರಿನಲ್ಲಿ ಅಲುಗುತ್ತಿತ್ತು. ದೊಡ್ಡ ಚೌಕದಲ್ಲಿ ಎರಡು ಚರ್ಚುಗಳು ಅಕ್ಕತಂಗಿಯರಂತೆ ಹೆಗಲು ತಾಗಿಸಿ ನಿಂತಿವೆ, ಒಂದರ ಗೋಪುರ ಇಟ್ಟಿಗೆ ಕೆಂಪು. ಇನ್ನೊಂದು ಹಳೆಯ ಚರ್ಚಿನಲ್ಲಿ ಪುಸ್ತಕದ ಅಂಗಡಿ. ಕಪಾಟುಗಳು ಕಮಾನಿನವರೆಗೂ ಏರಿದ್ದವು, ಜನ ಅಂತರ ಕಾಯ್ದುಕೊಂಡು ಪಿಸುಮಾತಿನಲ್ಲಿ ಪುಸ್ತಕ ಕೊಳ್ಳುತ್ತಿದ್ದರು. ಹಳೆಯ ಕೋಟೆಬಾಗಿಲು, ಅದರ ಪಕ್ಕದಲ್ಲಿ ಮನೆಗಳ ಅಡಿಯಿಂದಲೇ ನುಸುಳಿ ಹರಿಯುವ ಪುಟ್ಟ ಹೊಳೆ, ಬೆಣ್ಣೆಯ ಬಣ್ಣದ ಕಲ್ಲಿನ ಗೋಡೆಗಳು. ಶೈಲಾ ಎಷ್ಟೋ ತಿಂಗಳ ನಂತರ ಫೋಟೊ ತೆಗೆಯಿರಿ ಎಂದು ತಾನಾಗಿ ಕೇಳಿದಳು.

ಮಧ್ಯಾಹ್ನ ಮೂರು ಗಂಟೆಯ ಸುಮಾರು. ಕೋಟೆಗೋಡೆಯ ಹಿಂದೆ ಒಂದು ಓಣಿಯಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಹಿಂದಿನಿಂದ ಅವಳು ಗಕ್ಕನೆ ಬ್ರೇಕ್ ಹಾಕಿದ ಸದ್ದಾಯಿತು.

"ನಿಂದರ್‍ರಿ. ವಾಸನಿ ಬರಾಕತ್ತೈತಿ."

ನಾನು ತಿರುಗಿ ನೋಡಿದೆ. ಮಾಸ್ಕ್ ಗದ್ದಕ್ಕಿಳಿಸಿ, ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಮುಖ ಬಿಳಚಿಕೊಂಡಿತ್ತು.

"ಏನ್ ವಾಸನಿ?"

"ಬ್ರೆಡ್ ಸುಡೂದು. ಅದರಾಗ ಬಡಿಸೋಪು ಹಾಕ್ಯಾರ. ಬೆಲ್ಲದ ಪಾಕ ಹತ್ತಿದಂಗ ಐತಿ. ನಿಮಗ ಬರವಲ್ದೇನು?"

ನನಗೆ ಬರುತ್ತಿರಲಿಲ್ಲ. ಬಿಸಿಲಿಗೆ ಕಾದ ಕಲ್ಲು, ದೂರದಲ್ಲಿ ಯಾರೋ ಹಚ್ಚಿದ ಸಿಗರೇಟು, ಅಷ್ಟೇ. ಆದರೆ ಅವಳು ಸೈಕಲ್ ತಳ್ಳಿಕೊಂಡು ಹೊರಟೇಬಿಟ್ಟಳು. ಓಣಿಯ ಕೊನೆಗೆ ಎಡಕ್ಕೆ, ಮತ್ತೆ ಒಂದು ಸಂದಿಯಲ್ಲಿ ಬಲಕ್ಕೆ, ಒಂದು ಕಡೆ ನಿಂತು ಹಿಂದಕ್ಕೆ ಬಂದು ಇನ್ನೊಂದು ದಾರಿಗೆ. ನಾನು ಮಾತಾಡದೆ ಹಿಂದೆ ನಡೆದೆ. ಮಾತಾಡಿದರೆ ಅದು ಹೋಗಿಬಿಡುತ್ತದೆಂಬ ಹೆದರಿಕೆ. ಕಡೆಗೆ ಒಂದು ಹಸಿರು ಬಾಗಿಲಿನ ಮುಂದೆ ನಿಂತು ಅವಳು ಗೋಡೆಗೆ ಅಂಗೈ ಊರಿದಳು. "ಇಲ್ಲೇ," ಎಂದಳು. ಅದು ಸಾಧಾರಣ ವಾಸದ ಮನೆ. ಅಂಗಡಿಯಿಲ್ಲ, ಬೋರ್ಡಿಲ್ಲ.

ಸಪ್ಪಳ ಕೇಳಿ ಕಿಟಕಿ ತೆರೆದವರು ಎಂಬತ್ತು ದಾಟಿದ ಮುದುಕಿ. ನಾನು ಕ್ಷಮೆ ಕೇಳಿ, ನನ್ನ ಮುರುಕು ಡಚ್ಚಿನಲ್ಲಿ, ಇಲ್ಲಿ ಹತ್ತಿರ ಬೇಕರಿ ಇದೆಯೇ ಎಂದೆ. ಅಷ್ಟೇ ಕೇಳಿದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ನೂರು ಸಲ ನೆನಪು ಮಾಡಿಕೊಂಡಿದ್ದೇನೆ. ಬಡಿಸೋಪಿನ ಮಾತು ನಾನು ಆಡಿರಲಿಲ್ಲ. ಶೈಲಾಳಿಗೆ ಡಚ್ ಬರುತ್ತಿರಲಿಲ್ಲ.

ಆಕೆ ಕಿಟಕಿಯ ಅಂಚಿಗೆ ಮೊಣಕೈ ಊರಿದರು. "ಈಗಿಲ್ಲ," ಎಂದರು. "ಇದೇ ಬೇಕರಿಯಾಗಿತ್ತು. ನಮ್ಮ ಅಪ್ಪನದು. ನಾನು ಮದುವೆಯಾದ ವರ್ಷ ಮುಚ್ಚಿದರು. ನಿಮಗೆ ಯಾರು ಹೇಳಿದರು?"

ನನ್ನ ಹೆಂಡತಿಗೆ ಬ್ರೆಡ್ಡಿನ ವಾಸನೆ ಬಂತು ಎಂದೆ. ಕಾಯಿಲೆಯಿಂದ ಅವಳಿಗೆ ಏಳು ತಿಂಗಳಿಂದ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದೂ ಹೇಳಿದೆ.

ಆಕೆ ನಗಲಿಲ್ಲ. ಶೈಲಾಳ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಇವತ್ತು ಶನಿವಾರ. ಅಪ್ಪ ಶನಿವಾರ ಮಾತ್ರ ಬಡಿಸೋಪಿನ ಬ್ರೆಡ್ ಸುಡುತ್ತಿದ್ದರು. ಮೇಲೆ ಪೇರ್ ಹಣ್ಣಿನ ಪಾಕ ಸವರುತ್ತಿದ್ದರು. ಒಲೆಯಲ್ಲಿ ಆ ಪಾಕ ಸ್ವಲ್ಪ ಸೀಯುತ್ತಿತ್ತು. ಜನ ಅದಕ್ಕೇ ಬರುತ್ತಿದ್ದರು."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿತ್ತು. ಅರ್ಧ ಹೇಳುವಷ್ಟರಲ್ಲೇ ಶೈಲಾ ಅಳತೊಡಗಿದಳು. ಮುದುಕಿ ಒಳಗೆ ಹೋಗಿ ಒಂದು ಕುರ್ಚಿ ತಂದು ಬಾಗಿಲ ಹೊರಗಿಟ್ಟು, ಒಂದೂವರೆ ಮೀಟರ್ ಹಿಂದೆ ಸರಿದು ನಿಂತರು. ಮುಟ್ಟಿ ಸಮಾಧಾನ ಮಾಡುವ ಹಾಗಿರಲಿಲ್ಲ, ಕಾಲ ಅಂಥದ್ದು. ಆದರೂ ಅವರು ಒಳಗೆ ಹೋಗಲಿಲ್ಲ. ಶೈಲಾ ಕುರ್ಚಿಯಲ್ಲಿ ಕೂತು ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಎದುರಿಗೇ ನಿಂತಿದ್ದರು. ಗುರುತಿಲ್ಲದವರಿಗಾಗಿ ಹಾಗೆ ಸುಮ್ಮನೆ ನಿಲ್ಲಬಲ್ಲವರನ್ನು ನಾನು ಹೆಚ್ಚು ನೋಡಿಲ್ಲ.

ಹತ್ತು ನಿಮಿಷವಿರಬಹುದು. "ಹೋತು," ಎಂದಳು ಶೈಲಾ.

ವಾಪಸು ರೈಲಿನಲ್ಲಿ ಕಿಟಕಿಯಾಚೆ ನೋಡುತ್ತ, "ಅವತ್ತು ನೀವು ಊಟಕ್ಕ ಹೋಗಿದ್ರಲ್ಲ, ನನಗ ಭಾಳ ಸಿಟ್ಟಿತ್ತು," ಎಂದಳು. ನಾನು "ನಂದು ತಪ್ಪಾತು" ಎಂದೆ. ಏಳು ತಿಂಗಳಲ್ಲಿ ನಾವು ಆ ಮಾತಾಡಿದ್ದು ಅದೇ ಮೊದಲು.

ಡಾಕ್ಟರು ಇದನ್ನು ಕೇಳಿ, ವಾಸನೆ ಕಳಕೊಂಡವರ ಮೆದುಳು ಕೆಲವು ಸಲ ಇಲ್ಲದ ವಾಸನೆ ಹುಟ್ಟಿಸಿಕೊಳ್ಳುತ್ತದೆ ಎಂದರು. ಒಪ್ಪುತ್ತೇನೆ. ಆದರೆ ಆ ಮೆದುಳು ಆ ಊರಿನಲ್ಲಿ ಆ ಬಾಗಿಲನ್ನೇ ಹುಡುಕಿದ್ದು ಹೇಗೆ? ಪಕ್ಕದ ಮನೆಯಲ್ಲಿ ಯಾರಾದರೂ ಏನಾದರೂ ಬೇಯಿಸುತ್ತಿದ್ದರೆ ನೆಟ್ಟಗಿದ್ದ ನನ್ನ ಮೂಗಿಗೆ ಬರಬೇಕಿತ್ತಲ್ಲ? ಮುದುಕಿ ನಮ್ಮ ಮನಸ್ಸು ನೋಯಿಸಬಾರದೆಂದು ಕತೆ ಕಟ್ಟಿದರೆನ್ನೋಣವೆಂದರೆ, ಬಡಿಸೋಪು ಅವರ ಬಾಯಿಗೆ ಬಂದದ್ದು ಎಲ್ಲಿಂದ?

ಮರುವರ್ಷ ಶೈಲಾಳ ಮೂಗು ನಿಧಾನಕ್ಕೆ ಸರಿಹೋಯಿತು. ಮೊದಲು ಬೆಳ್ಳುಳ್ಳಿ, ಆಮೇಲೆ ಕಾಫಿ, ಆಮೇಲೆ ಎಲ್ಲ. ಒಂದು ಶನಿವಾರ ನಾವು ಮತ್ತೆ ಮಾಸ್ಟ್ರಿಕ್ಟಿಗೆ ಹೋದೆವು. ಹಸಿರು ಬಾಗಿಲು ಹಾಕಿತ್ತು, ಬೆಲ್ ಒತ್ತಿದರೆ ಯಾರೂ ಬರಲಿಲ್ಲ. ಶೈಲಾ ಗೋಡೆಗೆ ಹತ್ತಿರ ಹೋಗಿ ಬಹಳ ಹೊತ್ತು ಮೂಗಿಟ್ಟು ನೋಡಿದಳು.

"ಏನೂ ಇಲ್ರಿ," ಎಂದಳು. "ಬರೇ ಕಲ್ಲಿನ ವಾಸನಿ."

ಆ ಗೋಡೆಗೆ ನಾನೂ ಮೂಗಿಟ್ಟು ನೋಡಿದೆ. ಮೊದಲಿನ ನಾನಾಗಿದ್ದರೆ ನೋಡುತ್ತಿರಲಿಲ್ಲ.