ಅಜ್ಜಿಯ ತಮಿಳು ನಿಂತ ಮನೆ

ಕಳೆದ ಜುಲೈನ ಮೊದಲ ಭಾನುವಾರ, ಆಂಡರ್ಸನ್‌ಪೇಟೆಯಲ್ಲಿರುವ ನನ್ನ ತಂಗಿಯ ಮಗಳ ಮನೆಯಲ್ಲಿ, ಅವಳ ಅತ್ತೆ ಮೊಮ್ಮಗಳೊಂದಿಗೆ ತಮಿಳು ಮಾತಾಡುವುದನ್ನು ನಿಲ್ಲಿಸಿದರು. ಜಗಳವೇನೂ ಆಗಿರಲಿಲ್ಲ. ಮಗುವಿಗೆ ನಾಲ್ಕು ವರ್ಷ. ಆಗಷ್ಟೇ ಎಲ್‌ಕೆಜಿಗೆ ಸೇರಿತ್ತು, ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಕಿವಿಗೆ ಬೀಳಬಾರದು ಎಂದು ಮಿಸ್ ಹೇಳಿ ಕಳಿಸಿದ್ದರು.

ಅಲ್ಲಿಯವರೆಗೆ ಅಜ್ಜಿಯದು ತಮಿಳು, ತಾಯಿಯದು ಕನ್ನಡ, ಪಕ್ಕದ ಮನೆಯ ಮಕ್ಕಳದು ತೆಲುಗು. ಯಾರ ಮುಖ ಕಂಡರೆ ಅವರ ಭಾಷೆಗೆ ಮಗು ಹೊರಳುತ್ತಿತ್ತು. ನಮ್ಮ ಕಡೆ ಇದನ್ನು ಯಾರೂ ವಿಶೇಷವೆಂದು ಗಮನಿಸುವುದಿಲ್ಲ.

ನಾನು ಬಂಗಾರಪೇಟೆಯಿಂದ ಪತ್ರಿಕೆಯೊಂದಕ್ಕೆ ವರದಿ ಮಾಡುತ್ತೇನೆ. ಎಳೆಯ ಮಕ್ಕಳ ಶಿಕ್ಷಣದ ಬಗ್ಗೆ ಒಂದು ಪುಟ ಸಿದ್ಧಪಡಿಸಲು ಆ ತಿಂಗಳು ಹೊರದೇಶಗಳ ಅಧ್ಯಯನಗಳನ್ನು ಓದುತ್ತಿದ್ದೆ. ಅವು ಎಲ್ಲದರಲ್ಲೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಕ್ಷರ ಯಾವಾಗ ಕಲಿಸಬೇಕು ಎಂಬುದರಲ್ಲೇ ಭಿನ್ನಾಭಿಪ್ರಾಯವಿತ್ತು. ಆದರೆ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ದೊಡ್ಡವರು ತಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಬೇಕು, ಮಗು ಏನಾದರೂ ಅಂದರೆ ಉತ್ತರ ಕೊಡಬೇಕು. ಮುಂದೆ ಕಲಿಯುವ ಭಾಷೆಗೂ ಅದೇ ಆಸರೆ. ಅದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಆಂಡರ್ಸನ್‌ಪೇಟೆಗೆ ಹೋದೆ.

ಅಜ್ಜಿ ಮಗುವಿಗೆ ಅನ್ನ ತಿನ್ನಿಸುತ್ತಿದ್ದರು. ಮೊದಲು ತುತ್ತಿಗೊಂದು ಕತೆ ಕಟ್ಟುತ್ತಿದ್ದವರು. ಅವರ ಗಂಡ ಅಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ಗೆ ಇಳಿಯುತ್ತಿದ್ದರು. ಗಂಡನ ಬಾಯಿಂದ ಕೇಳಿದ್ದಷ್ಟೇ ಅವರಿಗೆ ಬರುವ ಇಂಗ್ಲಿಷ್.

ತುತ್ತು ಎತ್ತಿ "ಶಿಫ್ಟು" ಅಂದರು. ಮಗು ಬಾಯಿ ತೆರೆಯಿತು. "ಲ್ಯಾಂಪು." ಇನ್ನೊಂದು ತುತ್ತು. "ಸೈರನ್ನು." ಅಲ್ಲಿಗೆ ಅವರ ಪದಗಳು ಮುಗಿದವು. ಮಗು ನುಂಗಿ, ಅವರ ಮುಖವನ್ನೇ ನೋಡುತ್ತ ಕೂತಿತು.

"ತಮಿಳಲ್ಲೇ ಮಾತಾಡಿ, ಏನೂ ಆಗಲ್ಲ" ಅಂದೆ.

"ಬೇಡಣ್ಣಾ. ನಾನು ಬಾಯಿ ಬಿಟ್ರೆ ಪಾಪು ಕೆಟ್ಟೋಗ್ತದಂತೆ."

ತಂಗಿಯ ಮಗಳು ಅಡುಗೆಮನೆಯಿಂದ ಬಂದು ನನ್ನ ಹಾಳೆ ಓದಿದಳು.

"ಇದ್ನೆಲ್ಲ ಯಾರು ಏಳವ್ರೆ ಮಾವ?"

"ಬೇರೆ ಬೇರೆ ದೇಶದ ಸಂಶೋಧಕರು."

"ಯಾವ ಭಾಷೇಲಿ?"

"ಇಂಗ್ಲಿಷಲ್ಲಿ."

ಅವಳು ನಕ್ಕಳು. "ಚೆನ್ನಾಗೈತೆ! ಇಂಗ್ಲಿಷ್ ಬಂದೋರು ಕೂತ್ಕಂಡು, ಇಂಗ್ಲಿಷ್ಗೇನು ಅವಸರ ಅಂತ ಇಂಗ್ಲಿಷಲ್ಲೇ ಬರೀತಾರೆ. ನಿಮ್ ಮಕ್ಳು ಯಾವ ಸ್ಕೂಲ್ಗೋದ್ರು, ಏಳಿ ನೋಡಾನ?"

ಇಂಗ್ಲಿಷ್ ಶಾಲೆಗೇ, ಅಂದೆ.

"ಮತ್ತೆ? ವರ್ಷ ಮುಗಿಯೋದ್ರೊಳ್ಗೆ ಬಾಯಿ ಬಿಡ್ದಿದ್ರೆ ಯುಕೆಜಿಗೆ ಆಕಲ್ವಂತೆ. ಆಗ ಈ ಹಾಳೆ ಇಡ್ಕಂಡು ನಾನೆಲ್ಲಿಗೋಗ್ಲಿ?"

ಮರುವಾರ ಶಾಲೆಗೆ ಹೋದೆ. ಮಿಸ್ ಚಿಕ್ಕ ವಯಸ್ಸಿನವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಟ್ರೈನಿಂಗಲ್ಲಿ ನಮಗೂ ಇದನ್ನೇ ಹೇಳ್ಕೊಟ್ಟಿದ್ದಾರೆ ಸರ್. ಆದ್ರೆ ಗೇಟ್ ಹತ್ರ ನಿಂತಿರೋ ಪೇರೆಂಟ್ಸ್‌ಗೆ ಒಂದು ತಮಿಳು ಪದ ಕೇಳಿಸಿದ್ರೆ, ನಾಳೆನೇ ಟಿಸಿ ಕೇಳ್ತಾರೆ. ನೀವೇ ಅವರಿಗೆ ಹೇಳಿ" ಅಂದರು. ಅವರಲ್ಲೊಬ್ಬಳಾದ ತಂಗಿಯ ಮಗಳಿಗೆ ಹೇಳಿಯೇ ಅಲ್ಲಿಗೆ ಹೋಗಿದ್ದೆ.

ಆಗಸ್ಟ್‌ನಲ್ಲಿ ಪುಟ ಅಚ್ಚಾಯಿತು. ಕೆಲವರು ಫೋನ್ ಮಾಡಿ ಮೆಚ್ಚಿದರು. ಒಬ್ಬರು, ಒಳ್ಳೆಯ ಇಂಗ್ಲಿಷ್ ಶಾಲೆ ಯಾವುದು ಎಂದು ಕೇಳಿದರು.

ನವೆಂಬರ್‌ನಲ್ಲಿ ಒಂದು ಸಂಜೆ ಮಗುವಿನ ತಂದೆ ಕೆಲಸ ಮುಗಿಸಿ ರೈಲಿಳಿದು ಮನೆಗೆ ಬಂದಾಗ, ನೀರಿನ ಡ್ರಮ್ಮಿನ ಹಿಂದೆ ಅಜ್ಜಿ ಮೊಮ್ಮಗಳು ಕೂತಿದ್ದರು. ಮಗು ಕಾಗೆಯ ಕತೆ ಹೇಳುತ್ತಿತ್ತು. ಪೂರ್ತಿ ತಮಿಳಿನಲ್ಲಿ, ಕೈ ಬಾಯಿ ಆಡಿಸಿಕೊಂಡು. ಅಜ್ಜಿ ಕದ್ದು ಹೇಳಿಕೊಡುತ್ತಿದ್ದುದು ಹಾಗೆ ಗೊತ್ತಾಯಿತು.

ಆ ವಾರವೇ ಅಜ್ಜಿಯನ್ನು ಕಾಮಸಮುದ್ರದಲ್ಲಿರುವ ಅವರ ಮಗಳ ಮನೆಗೆ ಬಸ್ ಹತ್ತಿಸಿದರು. ಶಾಲೆಯ ವರ್ಷ ಮುಗಿದ ಮೇಲೆ ಕರೆಸಿಕೊಳ್ಳುತ್ತಾರಂತೆ.

ಮೊನ್ನೆ ತಂಗಿಯ ಮಗಳ ಫೋನ್ ಬಂದಿತ್ತು. ಮಗು ತರಗತಿಯಲ್ಲಿ ಇನ್ನೂ ಮಾತಾಡಿಲ್ಲ. ಮನೆಯಲ್ಲಿ ಊಟಕ್ಕೆ ಕೂರಿಸಿದರೆ ತಾನೇ ಶಿಫ್ಟು, ಲ್ಯಾಂಪು, ಸೈರನ್ನು ಎನ್ನುತ್ತದೆ. ಆಮೇಲೆ ಬಾಯಿ ಮುಚ್ಚುತ್ತದೆ.