ಕಕ್ಕಿಸಿದ ಮದ್ದು

ಕ್ಯಾತನಹಳ್ಳಿಯ ದ್ಯಾವಮ್ಮನಿಗೆ ಮಂಡಿನೋವು ಬಂದದ್ದು ಸೊಸೆ ಬರುವುದಕ್ಕಿಂತ ಎಷ್ಟೋ ಮೊದಲು. ಇದನ್ನು ಮುಂಚೆಯೇ ಹೇಳಿಬಿಡಬೇಕು. ಏಕೆಂದರೆ ಆಮೇಲೆ ಬೀದಿಯವರು ಆಡಿಕೊಂಡ ಕಥೆಯಲ್ಲಿ ಎಲ್ಲ ಕಾಯಿಲೆಯೂ ಸೊಸೆಯ ಜೊತೆಗೇ ಮನೆ ಹೊಕ್ಕಿತು. ಹರೆಯದಿಂದ ಗದ್ದೆಯಲ್ಲಿ ನಾಟಿ ಹಾಕಿ, ಕಬ್ಬಿನ ಕಳೆ ಕಿತ್ತು, ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆದ ಮಂಡಿಗಳು ಐವತ್ತು ದಾಟುವಷ್ಟರಲ್ಲಿ ಸವೆದಿದ್ದವು. ಗಂಡ ಸತ್ತ ಮೇಲೂ ಮಗ ಕುಮಾರನ ಕೈಗೆ ಮನೆಯ ಯಜಮಾನಿಕೆ ಕೊಡದ ಹೆಂಗಸು ಮಂಡಿಗೆ ಸೋಲುವವಳಲ್ಲ.

ಮೊದಮೊದಲು ಲಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಅದು ನೋವನ್ನು ತೆಗೆಯುತ್ತಿರಲಿಲ್ಲ, ಆದರೆ ನಿದ್ದೆ ಬರುವಷ್ಟು ಸಡಿಲಿಸುತ್ತಿತ್ತು; ಕೇಡೇನೂ ಇಲ್ಲದ ಉಪಚಾರ. ಆದರೆ ಸೊಪ್ಪು ತರಬೇಕು, ಒಲೆ ಹಚ್ಚಬೇಕು, ಒಂದು ಕಡೆ ಕೂರಬೇಕು. ಪಾಂಡವಪುರದ ಮೆಡಿಕಲ್ ಶಾಪೊಂದರಲ್ಲಿ ಕೊಟ್ಟ ಮಾತ್ರೆಗೆ ಇದೊಂದೂ ಬೇಕಿರಲಿಲ್ಲ. ಅಲ್ಲಿ ಡಾಕ್ಟರ ಚೀಟಿಯನ್ನೂ ಕೇಳಲಿಲ್ಲ. ನುಂಗಿ ಸ್ವಲ್ಪ ಹೊತ್ತಿಗೆಲ್ಲ ಮಂಡಿ ಹಗುರವಾಗುತ್ತಿತ್ತು. ಅವಳು ಮಾತ್ರೆಯನ್ನು ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಳು, ಎಲೆಅಡಿಕೆಯಂತೆಯೇ ಬಳಸಿದಳು. ಎದ್ದ ಕೂಡಲೇ ಒಂದು, ಗದ್ದೆಗೆ ಹೊರಡುವ ಮುಂಚೆ ಒಂದು, ಹೆಚ್ಚು ನಡೆದ ದಿನ ಇನ್ನೊಂದು. ಅವಳ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಔಷಧಿಯೆಂದರೆ ಕಾಯಿಲೆ ಬಿದ್ದಾಗ ತೆಗೆದುಕೊಳ್ಳುವುದು. ಇದು ಬರೀ ನೋವಿನ ಮಾತ್ರೆ.

ಸೊಸೆ ದಿವ್ಯ ಬೆಳಗೊಳದ ಹೊನ್ನಪ್ಪನ ಮಗಳು. ಮಾತು ಕಡಿಮೆ, ಕಣ್ಣು ಚುರುಕು. ತನ್ನ ಅಜ್ಜನಿಗೆ ಇಂಥದೇ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾದದ್ದನ್ನು ಕಂಡಿದ್ದವಳು. ಬೇಡವೆಂದರೆ ಅತ್ತೆ ಕೇಳುವವಳಲ್ಲ ಎಂದು ತಿಳಿದು, ಉಂಡಾದರೂ ನುಂಗಲಿ ಎಂದು ಬೆಳಿಗ್ಗೆ ಬೆಳಿಗ್ಗೆಯೇ ತಟ್ಟೆ ಹಿಡಿದು ಹಿಂದೆ ಬೀಳುತ್ತಿದ್ದಳು.

"ಒಂದ್ ತುತ್ತಾದ್ರೂ ಉಂಡ್ಕಳಿ ಅತ್ತೆ. ಬರೀ ಹೊಟ್ಟೆಗೆ ನುಂಗ್ಬ್ಯಾಡಿ."

"ನಿಮ್ಮಪ್ಪ ನಿನ್ನ ಡಾಕ್ಟ್ರು ಓದ್ಸಿ ಕಳ್ಸವ್ನಾ?" ಎನ್ನುತ್ತಿದ್ದಳು ದ್ಯಾವಮ್ಮ. ಆದರೂ ತಟ್ಟೆ ಇಸಿದುಕೊಂಡು ಅಷ್ಟಿಷ್ಟು ತಿನ್ನುತ್ತಿದ್ದಳು.

ಸೊಸೆ ಬಂದ ಎರಡನೆಯ ವರ್ಷ ದ್ಯಾವಮ್ಮನ ಎದೆಗುಂಡಿಗೆಯ ಕೆಳಗೆ ಉರಿ ಶುರುವಾಯಿತು. ಊಟ ಸೇರದಾಯಿತು. ಕುಪ್ಪಸ ದೊಗಲೆಯಾಯಿತು. ಮಲ ಡಾಂಬರಿನಂತೆ ಕಪ್ಪಗೆ ಹೋಗತೊಡಗಿದಾಗ ಹೆದರಿದಳು. ಅದನ್ನು ಮಗನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಲು ಬಿಗುಮಾನ. ಹೇಳಿದ್ದು ಪಕ್ಕದ ಮನೆಯ ಕುಳ್ಳಮ್ಮನಿಗೆ, ಡೈರಿಗೆ ಹಾಲು ಹಾಕಿ ಬರುವಾಗ.

"ಇದು ಕಾಯ್ಲೆ ಅಲ್ಲ ಕಣಕ್ಕ," ಎಂದಳು ಕುಳ್ಳಮ್ಮ. "ನಿಂಗೆ ಮದ್ದು ಇಕ್ಕವ್ರೆ."

ಈ ಕಡೆ ಮದ್ದು ಎಂಬ ಒಂದೇ ಮಾತಿಗೆ ಎರಡು ಅರ್ಥ. ಗುಣ ಮಾಡುವುದೂ ಮದ್ದು, ಆಗದವರು ಅನ್ನದಲ್ಲಿ ಕಲಸಿ ಇಕ್ಕುವುದೂ ಮದ್ದು. ಈ ಎರಡನೆಯದು ಹೊಟ್ಟೆಯಲ್ಲಿ ಅಂಟಿಕೊಂಡು ಆಳನ್ನು ಒಳಗಿಂದ ತಿನ್ನುತ್ತದೆಂದೂ, ಕಕ್ಕಿಸದೆ ಹೋಗುವುದಿಲ್ಲವೆಂದೂ ನಂಬಿಕೆ. ಇಕ್ಕಿದವರ ಹೆಸರನ್ನು ಕುಳ್ಳಮ್ಮ ಹೇಳಲಿಲ್ಲ. ಬರೀ ಒಂದು ಮಾತು ಕೇಳಿದಳು.

"ಉಣ್ಣಿ ಉಣ್ಣಿ ಅಂತ ತಟ್ಟೆ ಹಿಡ್ಕಂಡು ನಿನ್ನ ಹಿಂದೆ ಬೀಳೋರು ಯಾರು ಯೋಳು?"

ಅವತ್ತಿನಿಂದ ದ್ಯಾವಮ್ಮ ಸೊಸೆ ಮಾಡಿದ್ದನ್ನು ಮುಟ್ಟಲಿಲ್ಲ. ಅಂಗಡಿಯ ಬನ್ನು, ಅವರಿವರ ಮನೆಯ ಮಜ್ಜಿಗೆ, ಇಲ್ಲವೇ ಉಪವಾಸ. ಹೊಟ್ಟೆ ಖಾಲಿಯಾದಷ್ಟೂ ಕಾಲು ಸೋಲುತ್ತಿತ್ತು. ಕಾಲು ಸೋತಷ್ಟೂ ಮಾತ್ರೆ ನುಂಗಿದಳು. ಉಂಡು ನುಂಗಿದ್ದರೆ ಹುಣ್ಣು ಆಗುತ್ತಲೇ ಇರಲಿಲ್ಲ ಎಂದಲ್ಲ. ಆದರೆ ಮನೆಯಲ್ಲಿ ಸರಿಯಾದ ಮಾತನ್ನು ಹೇಳಿದವಳು ಒಬ್ಬಳೇ, ಆ ಮಾತೇ ಅವಳ ವಿರುದ್ಧ ಸಾಕ್ಷಿಯಾಯಿತು.

ಮದ್ದು ತೆಗೆಯುವವನು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿದ್ದ. ಕುಳ್ಳಮ್ಮನೇ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಅವನು ದ್ಯಾವಮ್ಮನ ಅಂಗೈಗೆ ಹಸಿರು ರಸ ಹಿಂಡಿ, ಮುಷ್ಟಿ ಕಟ್ಟಿಸಿ, ಬಿಡಿಸಿ ತೋರಿಸಿದ. ರಸ ಗಟ್ಟಿಯಾಗಿ ಲೋಳೆಯಂತೆ ಕೂತಿತ್ತು. ಮದ್ದು ಇರುವವರ ಕೈಯಲ್ಲಿ ಮಾತ್ರ ಹೀಗಾಗುತ್ತದೆ ಎಂದ. ಅದು ದಾಗಡಿ ಸೊಪ್ಪು. ನೀರಿನಲ್ಲಿ ಕಿವುಚಿದ ದಾಗಡಿ ರಸ ಯಾರ ಕೈಯಲ್ಲೂ ಗಟ್ಟಿಯಾಗುತ್ತದೆ, ಬಟ್ಟಲಲ್ಲಿಟ್ಟರೂ ಆಗುತ್ತದೆ. ಬೇಸಿಗೆಯಲ್ಲಿ ಸಕ್ಕರೆ ಹಾಕಿ ತಂಪಿಗೆ ತಿನ್ನುವ ಸೊಪ್ಪು. ದ್ಯಾವಮ್ಮನೂ ಎಷ್ಟೋ ಸಲ ತಿಂದಿದ್ದಳು. ಅವತ್ತು ಅದು ಅವಳ ನೆನಪಿಗೆ ಬರಲಿಲ್ಲ, ಅಥವಾ ಬರುವುದು ಅವಳಿಗೆ ಬೇಕಿರಲಿಲ್ಲ.

ಆಮೇಲೆ ಇನ್ನೊಂದು ಕಹಿ ಕಷಾಯ ಕುಡಿಸಿದ. ಅವಳು ಕರುಳು ಕಿತ್ತು ಬರುವಂತೆ ಕಕ್ಕಿದಳು. ಬಿದ್ದದ್ದು ಕಾಫಿ ಗಸಿಯಂಥ ಕಪ್ಪು. ಅದನ್ನು ಕಡ್ಡಿಯಲ್ಲಿ ಕೆದಕಿ, ಇದೇ ನೋಡಿ ಇಕ್ಕಿದ್ದು, ಎಂದ.

ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತಿದ್ದ ಹೆಂಗಸರೆದುರು ದ್ಯಾವಮ್ಮ ಇಡೀ ಸಂಗತಿ ಹೇಳಿದಳು. ಸೊಸೆಯ ಹೆಸರು ಹಿಡಿದೇ ಹೇಳಿದಳು. ಮನೆಗೆ ಬಂದು, ಅವಳಿರುವ ಸೂರಿನ ಕೆಳಗೆ ತಾನು ನೀರೂ ಕುಡಿಯುವುದಿಲ್ಲ ಎಂದಳು. ಕುಮಾರ ಎರಡು ಮಾತು ಆಡಿ ನೋಡಿದ. ಆಮೇಲೆ ತಾನೇ ಬೈಕಿನಲ್ಲಿ ಹೆಂಡತಿಯನ್ನು ಬೆಳಗೊಳಕ್ಕೆ ಬಿಟ್ಟುಬಂದ. ದಿವ್ಯ ಅಳಲಿಲ್ಲ ಎಂಬುದನ್ನೂ ಬೀದಿಯವರು ಅವಳ ವಿರುದ್ಧವೇ ಎಣಿಸಿದರು.

ವಾರ ಕಳೆಯುವುದರೊಳಗೆ ದ್ಯಾವಮ್ಮ ಕೊಟ್ಟಿಗೆಯಲ್ಲಿ ಕುಸಿದಳು. ಈ ಸಲ ಕಕ್ಕಿದ್ದು ಕೆಂಪಗಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಗಂಟಲಿನಿಂದ ಕೊಳವೆ ಇಳಿಸಿ ಹುಣ್ಣನ್ನು ಕಂಡರು. ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಿರಾ ಎಂದು ಎಲ್ಲರೂ ಕೇಳಿದ್ದರು, ಇಲ್ಲವೆಂದೇ ಹೇಳಿದ್ದಳು. ನಾಗಮಂಗಲ ಕಡೆಯ ಡಾಕ್ಟರಮ್ಮ ಒಬ್ಬಳು ಮಾತ್ರ ಬೇರೆ ಥರ ಕೇಳಿದಳು.

"ನೋವಿಗೆ ಮಾತ್ರೆ ಗೀತ್ರೆ ನುಂಗ್ತಿದ್ಯೇನಜ್ಜಿ?"

"ಊಂ, ನುಂಗ್ತೀನಿ. ಅದು ಔಷ್ದಿ ಅಲ್ವಲ್ಲ."

ಕಷಾಯ ಕುಡಿಸಿದ ಸಂಗತಿಯನ್ನು ಕುಮಾರ ಹೇಳಿದ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಆ ಮಾತ್ರೆ ಒಳ್ಳೆಯದೇ, ಅಳತೆಯಲ್ಲಿ, ನಾಲ್ಕಾರು ದಿನ, ಕೇಳಿ ನುಂಗಿದರೆ. ವರ್ಷಗಟ್ಟಲೆ ನುಂಗಿದ್ದು ಹೊಟ್ಟೆಯನ್ನು ತೂತು ಮಾಡುವ ಮಟ್ಟಕ್ಕೆ ತಂದಿದೆ. ಕಪ್ಪಗೆ ಬಿದ್ದದ್ದು ಮದ್ದಲ್ಲ, ಹಳೆಯ ರಕ್ತ. ಕಷಾಯ ಕುಡಿದು ಹಾಗೆ ಕಕ್ಕಿದ್ದರಿಂದ ಪ್ರಾಣವೇ ಹೋಗಬಹುದಿತ್ತು. ಇದನ್ನು ಕೇಳಿ ದ್ಯಾವಮ್ಮ ಗೋಡೆಯ ಕಡೆ ಹೊರಳಿದಳು. ಆ ಕಡೆ ಮುಖವಿಟ್ಟೇ ಮಗನಿಗೆ, ಹೋಗಿ ಅವಳನ್ನು ಕರೆದುಕೊಂಡು ಬಾ ಎಂದಳು.

ಹೊನ್ನಪ್ಪ ಸುಮ್ಮನೆ ಕಳಿಸುವವನಾಗಿರಲಿಲ್ಲ. ಮಗಳ ಹೆಸರು ಕೆಟ್ಟದ್ದು ಡೈರಿಯ ಮುಂದೆ, ನೆಟ್ಟಗಾಗುವುದೂ ಅಲ್ಲೇ ಆಗಬೇಕು, ಅತ್ತೆಯ ಬಾಯಿಂದಲೇ ಆಗಬೇಕು ಎಂದ. ದ್ಯಾವಮ್ಮ ಒಪ್ಪಿದಳು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳಿಗ್ಗೆ, ಮಗನ ತೋಳು ಹಿಡಿದು ಡೈರಿಯ ತನಕ ನಡೆದಳು. ಆಚೆ ರಸ್ತೆಯಲ್ಲಿ ಹೊನ್ನಪ್ಪ ಬೈಕು ನಿಲ್ಲಿಸಿಕೊಂಡಿದ್ದ. ಹಿಂದೆ ದಿವ್ಯ ಕೂತಿದ್ದಳು.

ದ್ಯಾವಮ್ಮ ನೆಟ್ಟಗೆ ಹೇಳಿದಳು. ಯಾರೂ ಮದ್ದು ಇಕ್ಕಿಲ್ಲ, ಮಾತ್ರೆ ನುಂಗಿ ನಾನೇ ಹೊಟ್ಟೆ ಕೆಡಿಸಿಕೊಂಡೆ, ಹುಡುಗಿಯ ಮೇಲೆ ಸುಳ್ಳು ಹೊರಿಸಿದೆ ಎಂದಳು. ಅವಳ ಜೀವಮಾನದಲ್ಲಿ ಹಾಗೆ ತಲೆ ತಗ್ಗಿಸಿ ಆಡಿದ್ದು ಅದೊಂದೇ ಸಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯೋ, ಇನ್ನೊಂದ್ಸಲ ಇಕ್ಬುಟ್ಟವ್ರೆ ಕಣ್ರವ್ವ," ಎಂದಳು ಕುಳ್ಳಮ್ಮ, ನಿಜವಾದ ಕನಿಕರದಿಂದ. "ಈ ಸಲ ಮಾತು ಕೇಳ್ಸೋ ಮದ್ದು. ಇಲ್ದಿದ್ರೆ ನಮ್ಮ ದ್ಯಾವಕ್ಕ ಇಂಗೆ ಆಡೋಳಾ?"

ದ್ಯಾವಮ್ಮ ಮತ್ತೆ ಮೊದಲಿನಿಂದ ಹೇಳಿದಳು, ದನಿ ಏರಿಸಿ. ಅವಳು ಹೇಳಿದಷ್ಟೂ ಅವರ ತಲೆಗಳು ಮರುಕದಿಂದ ಅಲ್ಲಾಡಿದವು. ಮಾತು ರಸ್ತೆಯವರೆಗೂ ಕೇಳುತ್ತಿತ್ತು. ಹೊನ್ನಪ್ಪ ಹಿಂದಕ್ಕೆ ತಿರುಗಿ ಮಗಳ ಮುಖ ನೋಡಿದ, ಬೈಕು ಸ್ಟಾರ್ಟ್ ಮಾಡಿ ಬೆಳಗೊಳದ ಕಡೆ ತಿರುಗಿಸಿದ. ದಿವ್ಯ ಇಳಿದೇ ಇರಲಿಲ್ಲ.