ಮೊಂಟಾನಾ ತಲುಪದ ವೋಟು

ಬ್ರಿಜಿಡಮ್ಮನ ವೋಟು ಅಮೆರಿಕಕ್ಕೆ ಹೋಗಲೇ ಇಲ್ಲ — ಅದನ್ನು ಹಾಳು ಮಾಡಿದವಳು ನಾನು, ಹೋಯಿತೆಂದು ಸುಳ್ಳು ಹೇಳಿದವಳೂ ನಾನೇ. ಚುನಾವಣೆಯ ಸುದ್ದಿ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಗೋಡೆಯಾಚೆಯಿಂದ ಅವರು ಕೂಗಿದರು: "ಸೋತ್ವಿ ಕಣೇ ಶಾರದಾ. ಆದ್ರೆ ನನ್ನನ್ನ ಎಣಿಸ್ದೆ ಗೆಲ್ಲೋಕಾಗ್ಲಿಲ್ಲ ಅವರಿಗೆ."

ಅವರು ನಕ್ಕರು. ನಾನೂ ನಕ್ಕೆ. ಅವರ ವೋಟಿದ್ದ ಲಕೋಟೆ ಆಗ ನಮ್ಮ ದೇವರ ಪಟದ ಹಿಂದಿತ್ತು.

ಕೊರೋನಾದ ಮೊದಲ ವರ್ಷ ಅದು. ಯಜಮಾನರು ಡಾಕ್ಟರು; ಸಂಜೆ ಕೆಮ್ಮಿಲ್ಲದೆ ಮನೆಗೆ ಬಂದರೆ ಅದೇ ದೇವರ ದಯೆ ಎಂದು ಕೈಮುಗಿಯುತ್ತಿದ್ದೆ. ಐರ್ಲೆಂಡಿನ ಈ ಲೆಟರ್‌ಕೆನ್ನಿಯಲ್ಲಿ ಹಗಲೆಲ್ಲ ನನಗೆ ಮಾತಿಗಿದ್ದವರು ಪಕ್ಕದ ಮನೆಯ ಬ್ರಿಜಿಡ್ ಒಬ್ಬರೇ. ಹಿರಿಯರನ್ನು ಬರೀ ಹೆಸರಿಂದ ಕರೆಯಲು ಬಾಯಿ ಬಾರದೆ ಬ್ರಿಜಿಡಮ್ಮ ಎನ್ನುತ್ತಿದ್ದೆ. ಹರೆಯದಲ್ಲಿ ಮೊಂಟಾನಾದ ಗಣಿಯೂರಿಗೆ ಹೋಗಿ, ಸೋದರಮಾವನ ಖಾನಾವಳಿಯಲ್ಲಿ ದುಡಿದು, ಅಲ್ಲಿನ ಪ್ರಜೆಯಾಗಿ ಮರಳಿದವರು. ಇಲ್ಲಿಂದಲೇ ಅಂಚೆಯಲ್ಲಿ ಕಳಿಸುವ ಒಂದು ವೋಟನ್ನೂ ತಪ್ಪಿಸಿದವರಲ್ಲ.

ಆ ಸೀಮೆಯನ್ನು ಅವರು ವರ್ಣಿಸುವುದನ್ನು ಕೇಳಬೇಕು — ಪಶ್ಚಿಮಕ್ಕೆ ಬೆಟ್ಟ, ತಾಮ್ರದ ಗಣಿ, ಸಂಘ ಕಟ್ಟಿದ ಕೂಲಿಗಳು. ಪೂರ್ವಕ್ಕೆ ಕಣ್ಣು ಹಾಯುವಷ್ಟೂ ಗೋಧಿ, ದನ, ಸರ್ಕಾರ ತಮ್ಮ ಬೇಲಿ ದಾಟಬಾರದೆನ್ನುವ ಜನ. ಇಷ್ಟಕ್ಕೆಲ್ಲ ಸೇರಿ ಆಗ ಅಮೆರಿಕದ ಸಂಸತ್ತಿನ ಕೆಳಮನೆಗೆ ಒಬ್ಬರೇ ಸದಸ್ಯರು. "ದೇಶದಲ್ಲಿ ಎಷ್ಟೋ ಕಡೆ ಹೆಂಗಸ್ರಿಗೆ ವೋಟೇ ಇರ್ಲಿಲ್ಲ. ಆಗ್ಲೇ ಆ ಸಭೆಗೆ ಮೊದ್ಲ ಹೆಂಗಸನ್ನ ಕಳ್ಸಿದ್ದು ನಮ್ಮ ಹಳ್ಳಿಗಾಡು," ಎನ್ನುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಹೊರಗೆ ಬರಲು ಹೆದರಿ, ಅಂಚೆಗೆ ಹಾಕೆಂದು ಆ ಲಕೋಟೆಯನ್ನು ನನ್ನ ಕೈಗಿತ್ತರು. ಹೊರಗಿನದೆಲ್ಲವನ್ನೂ ತೊಳೆದೇ ಮುಟ್ಟುವುದು ನನ್ನ ಆ ವರ್ಷದ ಮಡಿ — ಹಾಲಿನ ಡಬ್ಬ, ಬಾಳೆಹಣ್ಣು, ಬೀಗದಕೈ. ಲಕೋಟೆಯನ್ನೂ ಸ್ಯಾನಿಟೈಸರ್ ಹಾಕಿ ಒರೆಸಿದೆ. ಮೇಲಿದ್ದ ಸಹಿ ಹರಡಿ ನೀಲಿ ಕಲೆಯಾಯಿತು. ಸಹಿ ತಾಳೆಯಾಗದಿದ್ದರೆ ವೋಟು ನಿಲ್ಲದೆಂದು ಅವರೇ ಹೇಳಿದ್ದರು. ಅಂದೇ ತಿಳಿಸಿದ್ದರೆ ಬೇರೊಂದು ತರಿಸಿಕೊಳ್ಳಲು ಸಮಯವಿತ್ತು. ತಿಳಿಸಲಿಲ್ಲ — ನಾಚಿಕೆಯಿಂದ — ಅಲ್ಲ, ಹಾಗೆಂದರೆ ಅದೂ ನೆಪವೇ.

"ಹೋಯ್ತೇನೇ?"

"ಗ್ರ್ಯಾಂಡ್, ಬ್ರಿಜಿಡಮ್ಮ. ಹೋಯ್ತು," ಎಂದೆ, ಎಲ್ಲ ಸರಿ ಎನ್ನಲು ಈ ಊರವರು ಬಳಸುವ ಮಾತಲ್ಲೇ.

ನಾಲ್ಕು ವರ್ಷ ಹೀಗೇ ಕಳೆದೆ. ಈಗ ಆ ರಾಜ್ಯಕ್ಕೆ ಎರಡು ಕ್ಷೇತ್ರ. ಅವರದು ಬೆಟ್ಟದ ಕಡೆಯದು. ಮೊನ್ನೆ ಮತ್ತೆ ಲಕೋಟೆ ಚಾಚಿ, "ಮೊಣಕಾಲು ನೋವು, ನೀನೇ ಹಾಕ್ಬಿಡು" ಎಂದರು. ನನ್ನ ಕೈ ಏಳಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಚಾಚಿದ ಲಕೋಟೆಯನ್ನು ಹಿಂದಕ್ಕೆಳೆದುಕೊಂಡರು. "ಒರೆಸಿದ್ದು ಬಿಡು. ಅವತ್ತು ನಾನು ಅಷ್ಟು ಕೊಚ್ಕೊಂಡಾಗ, ಜೊತೇಲಿ ನಕ್ಯಲ್ಲ — ಅದು."

ಕೋಟು ಹಾಕಿ, ಕೋಲು ಹಿಡಿದು, ತಾವೇ ಹೊರಟರು. ಜೊತೆಗೆ ಬರಲೇ ಎಂದೆ, ಬೇಡವೆಂದರು. ಏರುದಾರಿಯಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡು, ಅಂಚೆಪೆಟ್ಟಿಗೆ ತಲುಪಿದರು. ಹಿಂದಿರುಗುವಾಗ ನಮ್ಮ ಕಿಟಕಿಯತ್ತ ತಿರುಗಲಿಲ್ಲ. ಅವರ ಬಾಗಿಲು ಮುಚ್ಚುವವರೆಗೂ ನೋಡಿ, ಅಡುಗೆಮನೆಗೆ ಹೋಗಿ ಉದ್ದಿನಬೇಳೆ ನೆನೆಹಾಕಿದೆ.